ಒಣಗಬಾರದು

ಬೈತಕೋಲ ಧಕ್ಕೆಯಲ್ಲಿ ಬಲೆ ಕೊಡವಿದಾಗ
ಕಸ, ಹರಿದ ಚಪ್ಪಲಿ, ಎರಡು ಏಡಿ,
ಅವುಗಳ ನಡುವೆ ಇದು.
ಬೆರಳುದ್ದದ ಬಾಚಣಿಗೆ. ಮರದ್ದು.
ಒಂದು ಮಗ್ಗುಲಿಗೆ ಅಗಲ ಹಲ್ಲು, ಇನ್ನೊಂದಕ್ಕೆ
ಹೇನು ಹೆಕ್ಕುವಂಥ ಸಣ್ಣವು. ಮೂರು ಮುರಿದಿವೆ.

ತಾಂಡೇಲರ ಹುಡುಗ ಅದನ್ನು ಬಿಸಿಲಿಗಿಡಲು ಹೋದ.
ಶೆವಂತಿಯತ್ತೆ ಮೀನುಬುಟ್ಟಿ ಇಳಿಸಿ ಗದರಿದಳು:
‘ಮುಳುಗಿದ ದೋಣಿ ಎತ್ತಿ ಮರಳ ಮೇಲೆ ಬಿಟ್ಟರೆ
ಹಲಗೆ ಹ್ಯಾಗೆ ಬಾಯಿ ಬಿಡ್ತದೆ, ನೋಡಿಲ್ವೇನೋ?
ನೀರಿಗೆ ಹಾಕು, ಮೊದಲು ನೀರಿಗೆ ಹಾಕು.’

ಪಣಜಿಯ ಪ್ರಯೋಗಾಲಯದ ಮೃಣಾಲ್ ಬಾಯಿ
ಫೋನಿನಲ್ಲಿ ಅದನ್ನೇ ಉದ್ದವಾಗಿ ಹೇಳಿದರು.
ಸಿಕ್ಕಿದ ಜಾಗದ ನೀರೇ ಆಗಬೇಕು. ಐಸು ಕೂಡದು.
ಬೆಳಕು ಕೂಡದು. ಉಜ್ಜಬೇಡಿ, ತೊಳೆಯಬೇಡಿ.
‘ಅದರೊಳಗೆ ಈಗ ಮರ ಅಂತ ಉಳಿದಿರೋದು ಕಡಿಮೆ.
ನೀರೇ ಮರದ ಆಕಾರ ಹಿಡಿದು ನಿಂತಿದೆ.’

ಹತ್ತೊಂಬತ್ತು ವರ್ಷದಿಂದ ಟೆಂಪೋ ನನ್ನದು.
ಸತ್ತದ್ದನ್ನು ಸತ್ತಂತೆ ಕಾಣದ ಹಾಗೆ
ಮಡಗಾಂವ ಮುಟ್ಟಿಸುವುದು ಕಸುಬು;
ಅದಕ್ಕೆ ಐಸು ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲ.
ಬಂಗಡೆಯ ಪೆಟ್ಟಿಗೆಯನ್ನು ಹುಣಸೆ ಹಾಕಿ ತಿಕ್ಕಿದೆ,
ವಾಸನೆ ಹೋಗಲಿಲ್ಲ. ಇರಲಿ, ಅದಕ್ಕೇನು ಹೊಸದೆ?
ಐಸ್‌ಕ್ರೀಂ ಡಬ್ಬಿಯ ತಳಕ್ಕೆ ನನ್ನ ಹಳೇ ಬನೀನು,
ಮೇಲೆ ಬಾಚಣಿಗೆ, ಅದರ ಮೇಲೆ ಇನ್ನೊಂದು ಮಡಿಕೆ.
ಅಂಚಿನ ತನಕ ಸಮುದ್ರ ತುಂಬಿಸಿ ಮುಚ್ಚಿದೆ:
ಚೂರು ಗಾಳಿ ಉಳಿದರೂ ಅಲೆ ಏಳುತ್ತದೆ,
ಇನ್ನೊಂದು ತುಫಾನು ಬೇಡ ಅದಕ್ಕೆ.

ಕಾಳಿ ಸೇತುವೆ. ಹಳೆಯದು ಬಿದ್ದ ಕಡೆ ನೋಡಲಿಲ್ಲ.
ಬೆಸುಗೆ ಬಂದಾಗಲೆಲ್ಲ ಉಸಿರು ಹಿಡಿದೆ.
ಈ ರಸ್ತೆಗೆ ಇಷ್ಟು ಉಬ್ಬುಗಳಿವೆಯೆಂದು
ಬೆನ್ನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.
ಮಾಜಾಳಿಯ ತಿರುವಲ್ಲಿ ಬಾಬುಶಾ ನನ್ನನ್ನು ಹಿಂದಿಕ್ಕಿ ಕೂಗಿದ:
‘ಎಂತ ಮಾರಾಯ, ಬಸುರಿಯನ್ನು ಕೂರಿಸಿಕೊಂಡಿದ್ದೀಯಾ?’

ಪೊಳೆಂ ಗೇಟಿನಲ್ಲಿ ಪೆಟ್ಟಿಗೆ ತೆರೆಸಿದರು.
ಮೀನಿಗೆ ಔಷಧಿ ಹೊಡೆದಿದೆಯೇ ಎಂಬ ತಪಾಸಣೆ.
‘ಮೀನಲ್ಲ ಸಾಹೇಬ್ರೆ, ಬಾಚಣಿಗೆ.’
ಪೊಲೀಸ ಬಗ್ಗಿ ನೋಡಿದ, ಬಹಳ ಹೊತ್ತು ನೋಡಿದ,
ಟೋಪಿ ತೆಗೆದು ಬೋಳು ತಲೆ ಸವರಿಕೊಂಡು
‘ಯಾರದು?’ ಅಂದ.

ಯಾರದು.
ಕೂರ್ಮಗಡದ ಆಚೆ ಮುಳುಗಿದ್ದು ಯಾವ ಹಡಗು, ಯಾವ ಕಾಲದ್ದು,
ಧಕ್ಕೆಯಲ್ಲಿ ಒಬ್ಬೊಬ್ಬರದು ಒಂದೊಂದು.
ಮೆಣಸಿನದು ಅಂದವರಿದ್ದಾರೆ, ಕುದುರೆಯದು ಅಂದವರೂ.
ನನಗೆ ತಿಳಿದದ್ದು ಇಷ್ಟೇ: ನಮ್ಮಪ್ಪ
ಕಡಲಲ್ಲಿದ್ದಷ್ಟು ದಿನ ತಲೆ ಮುಟ್ಟುತ್ತಿರಲಿಲ್ಲ.
ದೇವಗಡದ ದೀಪ ಕಂಡ ಮೇಲೆ ಮಾತ್ರ
ಸೊಂಟದ ಚೀಲದಿಂದ ಬಾಚಣಿಗೆ ತೆಗೆಯುತ್ತಿದ್ದ.
ನಡುಗಡಲಲ್ಲಿ ಯಾರು, ಯಾರಿಗಾಗಿ ಬಾಚುತ್ತಾರೆ?
ಹಾಗಾದರೆ ಇದು ಕೈಯಲ್ಲಿದ್ದಾಗ
ದಡ
ಕಾಣಕೋಣ ಬರುವ ತನಕ ಯೋಚನೆ ಅಲ್ಲಿಂದ ಮುಂದೆ ಹೋಗಲಿಲ್ಲ.

ಪಣಜಿಯಲ್ಲಿ ಬಾಯಿ ಎರಡೂ ಅಂಗೈ ನೀರಿಗಿಳಿಸಿ
ನೀರೊಳಗಿಂದ ನೀರೊಳಗೇ ಅದನ್ನು ದಾಟಿಸಿದರು.
ಎರಡು ವರ್ಷವಂತೆ. ಚೂರು ಚೂರೇ ನೀರು ಬಿಡಿಸಿ
ಆ ಜಾಗಕ್ಕೆ ಮೇಣದಂಥದ್ದು ಕುಡಿಸುತ್ತಾರಂತೆ.
ಆಮೇಲೆ ಒಣಗಬಹುದು.
‘ತಂದವರು’ ಎಂಬಲ್ಲಿ ಸಹಿ ಕೇಳಿದರು.
ಮೀನಿನ ರಸೀತಿಗೆ ಗೀಚುವ ಸಹಿಯನ್ನು
ನಿಧಾನಕ್ಕೆ, ದುಂಡಗೆ ಹಾಕಿದೆ.

ಖಾಲಿ ಪೆಟ್ಟಿಗೆ ಹೊತ್ತು ವಾಪಸಾಗುವಾಗ ಕತ್ತಲು.
ಸದಾಶಿವಗಡ ಇಳಿದೆ, ಕಾರವಾರದ ದೀಪ ಕಂಡವು.
ಗಾಡಿ ಬದಿಗೆ ಹಾಕಿ, ಕನ್ನಡಿ ತಿರುಗಿಸಿ,
ಜೇಬಿನಿಂದ ಪ್ಲಾಸ್ಟಿಕ್ ಬಾಚಣಿಗೆ ತೆಗೆದೆ.

ಧಕ್ಕೆಯಲ್ಲಿ ಶೆವಂತಿಯತ್ತೆ ಇನ್ನೂ ಕೂತಿದ್ದಳು.
‘ಐಸು ಹಾಕಲಿಲ್ಲ ತಾನೆ?’